ನಮ್ಮ ಬಚ್ಚಲಿಗೆ ಬಂದ ಸಾಗವಾನಿ

ದೊಡ್ಡವಳೇ, ನಡುವಿನವನೇ, ಎಲ್ಲರಿಗಿಂತ ಸಣ್ಣ ಕಿಲಾಡಿಯೇ, ಬಚ್ಚಲಮನೆಯ ಟಬ್ಬಿನ ಸುತ್ತ ಸಾಗವಾನಿ ಹಲಗೆ ಯಾಕೆ ಹಾಕಿಸಿದಿರಿ ಅಜ್ಜಿ ಎಂದು ಮೊನ್ನೆ ಕೇಳಿದಿರಿ. ಬಾಯಿಂದ ಹೇಳಲು ನನಗೆ ನಾಚಿಕೆ, ಅದಕ್ಕೇ ಬರೆಯುತ್ತಿದ್ದೇನೆ. ಓದುತ್ತ ನಗು ಬಂದರೆ ತಡೆಯಬೇಡಿ, ಬರೆಯುತ್ತ ನನಗೂ ತಡೆಯಲಾಗುತ್ತಿಲ್ಲ.

ನನ್ನ ತವರು ಚಿಕ್ಕಪಡಸಲಗಿಯ ಕಡೆ, ಹೊಳೆದಂಡೆಯಲ್ಲಿ. ಶಾಲೆ ಬಿಟ್ಟ ಕೂಡಲೇ ಗೆಳತಿಯರ ಜೊತೆ ಕೃಷ್ಣೆಯಲ್ಲಿ ಕುತ್ತಿಗೆತನಕ ಕೂತುಬಿಡುತ್ತಿದ್ದೆ. ಬನಹಟ್ಟಿಯ ನೇಕಾರರ ಮನೆಗೆ ಸೊಸೆಯಾಗಿ ಬಂದ ಮೇಲೆ ಜಳಕವೆಂದರೆ ಒಂದು ಕೊಡ ನೀರು, ಒಂದು ತಂಬಿಗೆ, ಅಷ್ಟೇ. ಇನ್ನೊಂದು ಸಲ ಕುತ್ತಿಗೆತನಕ ನೀರಿನಲ್ಲಿ ಕೂಡಬೇಕೆಂಬ ಆಸೆ ಒಳಗೊಳಗೇ ಕಾಡುತ್ತಿತ್ತು. ಅತ್ತೆಯ ಮುಂದೆ ಇನ್ನೊಂದು ರೊಟ್ಟಿ ಬೇಕೆನ್ನಲೂ ಹಿಂಜರಿಯುವವಳು ನಾನು. ಇದನ್ನು ಯಾರಿಗೆ ಹೇಳಲಿ?

ಒಂದು ದಿನ ನಿಮ್ಮ ಅಜ್ಜ, ಜಮಖಂಡಿಯಲ್ಲಿ ಕೆಡವುತ್ತಿದ್ದ ಹಳೆಯ ಬಂಗಲೆಯೊಂದರಿಂದ ಬೀಡುಕಬ್ಬಿಣದ ಟಬ್ಬನ್ನು ಚಕ್ಕಡಿಯಲ್ಲಿ ಹೇರಿಕೊಂಡು ಬಂದರು. ಕಾಲು ಮುರಿದಿದ್ದವು. ಅಂಚಿನ ಬಿಳಿ ಬಣ್ಣ ಎದ್ದು ಗರಗಸದಂತೆ ಒರಟಾಗಿತ್ತು. ಇದರಲ್ಲಿ ನೀರು ಕುಡಿಯುವ ಎಮ್ಮೆ ಯಾವಾಗ ಬರುತ್ತದೆ ಎಂದು ಓಣಿಯವರು ಕೇಳಿದರು. ನನಗೆ ಅದರಲ್ಲಿ ಹೊಳೆಯೇ ಕಂಡಿತು. ಅತ್ತೆ ಮಾತ್ರ ಟಬ್ಬಿನ ಸುತ್ತ ಒಂದು ಸುತ್ತು ಬಂದು, ನೂಲು ನೆನೆಹಾಕಲು ಛಲೋ ಬಾನಿಯಾಯಿತು ಎಂದು ತೀರ್ಪು ಕೊಟ್ಟೇಬಿಟ್ಟರು. ಜಳಕಕ್ಕೆಂದು ತಂದದ್ದು ಎಂದು ಅಜ್ಜ ಗೊಣಗಿದರು.

“ತನ್ನ ಹೊಲಸಿನಾಗ ತಾನ ಕೂಡೂದು ಎಂಥಾ ಜಳಕಲೇ?” ಎಂದರು ಅತ್ತೆ.

ಒರಟು ಅಂಚಿಗೆ ನೂಲು ಸಿಕ್ಕು ಹರಿಯಬಾರದಲ್ಲ? ಟಬ್ಬನ್ನು ಬಚ್ಚಲಲ್ಲಿ ಇಟ್ಟಿಗೆಯ ಮೇಲೆ ಕೂಡಿಸಿ, ಸುತ್ತ ಕಟ್ಟಿಗೆ ಕಟ್ಟಿ, ಅಂಚು ಮುಚ್ಚುವಂತೆ ಅಗಲವಾದ ಹಲಗೆ ಹಾಕಿಸುವುದೆಂದಾಯಿತು. ಮಗ್ಗ ಮಾಡುವ ಬಡಿಗ ಬೇವಿನದೊಂದು, ಸಾಗವಾನಿಯದೊಂದು ಹಲಗೆ ತಂದ. ಅಜ್ಜನಿಗೆ ಬಂಗಲೆಯಲ್ಲಿದ್ದಂತೆ ಮಿಂಚು ಬೇಕು, ಅತ್ತೆಗೆ ನುಣುಪು ಬೇಕು. ಮಗ್ಗದ ಕಟ್ಟಿಗೆಯ ನುಣುಪು ನೋಡುವ ಹಾಗೆಯೇ ಅತ್ತೆ ಒಂದೆಳೆ ನೂಲು ತೆಗೆದರು. ಒಂದು ತುದಿ ನನ್ನ ಕೈಗೆ ಕೊಟ್ಟು, ಇನ್ನೊಂದನ್ನು ತಾವು ಹಿಡಿದು, ಹಲಗೆಯ ಮೇಲೆ ಅತ್ತಿತ್ತ ಎಳೆದರು. ಬೇವಿನ ಮೇಲೆ ಎಳೆ ಪಟ್ಟನೆ ಹರಿಯಿತು. ನೂಲಿಗೆ ಆಗದಿದ್ದರೆ ಟಬ್ಬು ಜಳಕಕ್ಕೇ ಉಳಿಯುತ್ತದಲ್ಲ, ನನಗೆ ಕುಣಿಯುವಷ್ಟು ಖುಷಿ. ಸಾಗವಾನಿಯ ಮೇಲೆ ಬೆಣ್ಣೆಯಲ್ಲಿ ಹೋದಂತೆ ಹೋಯಿತು. ನನ್ನ ಖುಷಿಯೂ ಹೋಯಿತು.

ಅತ್ತೆಗೆ ಅಷ್ಟಕ್ಕೇ ಸಮಾಧಾನವಿಲ್ಲ. ಬಡಿಗ ರಂದಾ ಹೊಡೆದ, ಮರಳು ಕಾಗದದಿಂದ ತಿಕ್ಕಿದ, ಅಗಸಿ ಎಣ್ಣೆ ಉಣಿಸಿದ. ಅಜ್ಜನ ಹಟಕ್ಕೆ ವಾರ್ನಿಶ್ ಬಳಿದ. ಅದರ ಮೇಲೆ ಅತ್ತೆಯ ಹಟಕ್ಕೆ ಜೇನುಮೇಣ ಉಜ್ಜಿದ. ಕಡೆಗೆ ನೊಣ ಕೂತರೂ ಜಾರುವಂತಾಯಿತು.

ನೂಲು ನೆನೆಹಾಕಿದ ದಿನ ಅತ್ತೆ ಮೊದಲನೆಯ ಲಡಿಯನ್ನು, ಅಂದರೆ ನೂಲಿನ ಸುರುಳಿಯನ್ನು, ಎತ್ತಿ, ಹಿಂಡಿ, ನೀರು ಸೋರಲೆಂದು ಹಲಗೆಯ ಮೇಲಿಟ್ಟರು. ಅದು ಮೆಲ್ಲಗೆ ಜಾರಿ ಮತ್ತೆ ನೀರಿಗಿಳಿಯಿತು. ಮತ್ತೆ ಇಟ್ಟರು, ಈ ಸಲ ಆಚೆಗೆ ಜಾರಿ ನೆಲಕ್ಕೆ ಬಿತ್ತು. ಎಡಗೈಯಲ್ಲಿ ಒಂದನ್ನು ಒತ್ತಿ ಹಿಡಿದರೆ ಬಲಗಡೆಯದು ಹೊರಟೇಬಿಡುತ್ತಿತ್ತು. ಒಣ ಎಳೆಯಿಂದ ಪರೀಕ್ಷೆ ಮಾಡಿದವರಿಗೆ ತೊಯ್ದ ಲಡಿಯ ನೆನಪೇ ಆಗಿರಲಿಲ್ಲ. ಸಹಾಯಕ್ಕೆಂದು ಅಜ್ಜ ಹಲಗೆಗೆ ಮೊಣಕೈ ಊರಿದರು. ಮೊಣಕೈ ಜಾರಿತು, ಹೆಗಲತನಕ ಮುಳುಗಿದರು, ತಲೆಯ ಟೋಪಿ ನೂಲಿನ ನಡುವೆ ತೇಲತೊಡಗಿತು.

ಸೆರಗನ್ನು ಬಾಯಿಗೆ ತುರುಕಿಕೊಂಡರೂ ನಗು ನಿಲ್ಲಲಿಲ್ಲ. ಅತ್ತೆಯ ಮುಂದೆ ನಾನು ಗಟ್ಟಿಯಾಗಿ ನಕ್ಕದ್ದು ಅದೇ ಮೊದಲು.

“ನಗತಿ? ಹಂಗಾರ ನೀನ ಹೋಗಿ ಕೂಡು ಅದರಾಗ.”

ಅದು ಚುಚ್ಚುಮಾತು. ತಲೆ ತಗ್ಗಿಸಿ ಒಳಗೆ ಹೋಗಬೇಕಾಗಿತ್ತು.

“ಕೂಡ್ತೇನ್ರೀ ಅತ್ತಿ,” ಎಂದೆ.

ಅತ್ತೆ ನನ್ನ ಮುಖವನ್ನೇ ನೋಡಿದರು. ಆಮೇಲೆ ಮಗನ ಕಡೆ ತಿರುಗಿದರು.

“ಲೇ, ನೋಡಕೋಂತ ಏನ ನಿಂತಿ? ನೂಲ ತಗಿ. ಹಂಡೇಕ ನೀರ ಹಾಕಿ ಉರಿ ಹಚ್ಚು.”

ಟಬ್ಬು ತುಂಬಿದ ಮೇಲೆ ಬಾಗಿಲು ಹಾಕಿಕೊಂಡು ಹಲಗೆಯ ಮೇಲೆ ಕೂತೆ, ಅಷ್ಟೇ. ಮುಂದಿನದನ್ನು ಹಲಗೆಯೇ ಮಾಡಿತು. ಬಿಸಿನೀರು ಕುತ್ತಿಗೆಗೆ ಬಂತು. ಕೈಕಾಲು ಬಿಟ್ಟು ಎಷ್ಟು ಹೊತ್ತು ಕೂತಿದ್ದೆನೋ. ಹೊರಗಿನಿಂದ ಅತ್ತೆ ಬಾಗಿಲು ಬಡಿದರು.

“ಮುಗಸ್ಲಿಲ್ಲೇನಬೇ? ಲಗೂ ಹೊರಗ ಬಾ. ನನ್ನ ಪಾಳಿ ಐತಿ.”

ಈ ಹಾಳೆಗಳನ್ನು ನೀರು ತಾಗದ ಜಾಗದಲ್ಲಿ ಮುಚ್ಚಿಡಿ. ನಿಮ್ಮ ಅಪ್ಪನ ಕೈಗೂ ಸಿಗದಿರಲಿ, ಓದಿದರೆ ಬಂದವರಿಗೆಲ್ಲ ಹೇಳಿ ನನ್ನನ್ನು ಗೋಳು ಹೊಯ್ದುಕೊಳ್ಳುತ್ತಾನೆ.