ಸಾಹೇಬರ ಟೋಪಿ ಮೊಳೆಗೇ ಇತ್ತು

ಬೆಳಗಿನ ಐದೂವರೆ. ಹೊಳಲ್ಕೆರೆಯ ಸುತ್ತಲಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಇನ್ನೂ ತಿರುಗಲು ಶುರುಮಾಡಿಲ್ಲ. ತಿಮ್ಮರಾಯಪ್ಪನವರಿಗೆ ಬೇಕಾಗಿರುವುದು ಇದೇ ಹೊತ್ತು. ಎಂಟು ಗಂಟೆಯಾಯಿತೆಂದರೆ ಗಾಳಿ ಎದ್ದು ಶೀಟಿನ ಸಂದಿಯಿಂದ ಒಳಗೆ ನುಗ್ಗುತ್ತದೆ, ಮೇಜಿನ ಮೇಲಿನ ಹಲಗೆಗಳೆಲ್ಲ ಹಾರಿಹೋಗುತ್ತವೆ. ಹಲಗೆ ಎಂದರೆ ಹತ್ತಡಿ ಉದ್ದ, ಒಂದಡಿ ಅಗಲ, ಒಂದಂಗುಲ ದಪ್ಪ. ಅದು ಅವರ ಲೆಕ್ಕ. ನಮ್ಮ ಕಣ್ಣಿಗೆ ಅದು ಕಿರುಬೆರಳಿನ ಎರಡು ಗೆಣ್ಣಿನಷ್ಟೂ ಇಲ್ಲ, ದಪ್ಪ ಲಗ್ನಪತ್ರಿಕೆಯ ಕಾಗದದಷ್ಟು. ಅದನ್ನು ಚಿಮಟದಲ್ಲಿ ಹಿಡಿದು, ಉಗುರಿನಷ್ಟು ಅಂಟು ಸವರಿ, ಅಟ್ಟಿಯ ಮೇಲೆ ಇಡುತ್ತಿದ್ದಾರೆ.

"ಉಸ್ರು ಆ ಕಡೆ ಬಿಡ್ರಿ," ಎನ್ನುತ್ತಾರೆ ತಲೆ ಎತ್ತದೆ. "ನಿನ್ನೆ ಇವ್ಳು ಸೀನಿದ್ಲು. ಆರು ಹಲಗೆ ಹೋದ್ವು."

ಅಡುಗೆ ಮನೆಯಿಂದ ಅವರ ಹೆಂಡತಿ ದುರುಗಕ್ಕನವರ ಉತ್ತರ ಬರುತ್ತದೆ. "ಇಪ್ಪತ್ತು ವರ್ಷ ಮಿಲ್ಲಿನಾಗೆ ಹೊಟ್ಟು ಗುಡಿಸೀನಿ, ಸೀನದೆ ಏನ್ ಹಾಡು ಹೇಳ್ಲಾ? ಆ ಸಾಮಿಲ್ಲು ಮುಚ್ತು ಅಂತ ಸಮಾಧಾನ ಆಗಿತ್ತು. ಈಗ ಮನೆ ಒಳಕ್ಕೇ ತಂದಿಟ್ಟಾನೆ ನೋಡ್ರಿ."

ಹೌದು, ಮೇಜಿನ ಮೇಲೆ ಇರುವುದು ಮರ ಕೊಯ್ಯುವ ಒಂದು ಇಡೀ ಸಾಮಿಲ್. ಹಿರಿಯೂರಿನ ಹೆದ್ದಾರಿ ಪಕ್ಕದಲ್ಲಿ ರಾಜಶೇಖರ್ ಎಂಬ ನಿವೃತ್ತ ಸಿಗ್ನಲ್ ಎಂಜಿನಿಯರ್ ಆಟಿಕೆ ರೈಲಿನ ಒಂದು ಪ್ರದರ್ಶನ ಶಾಲೆ ನಡೆಸುತ್ತಾರೆ. ಅಲ್ಲಿ ಎಲ್ಲವೂ ಎಂಬತ್ತೇಳಕ್ಕೆ ಒಂದು. ನಿಜವಾದ ಎಂಜಿನ್ನಿನ ಎಂಬತ್ತೇಳರಲ್ಲಿ ಒಂದು ಪಾಲು ಅಲ್ಲಿನ ಎಂಜಿನ್, ಎಂಬತ್ತೇಳರಲ್ಲಿ ಒಂದು ಪಾಲು ಅಲ್ಲಿನ ಸ್ಟೇಷನ್. ನಾಲ್ಕು ವರ್ಷದಿಂದ ಆ ರೈಲು ಹಾದುಹೋಗುವ ಊರನ್ನು ಕಟ್ಟುತ್ತಿರುವವರು ಈ ಅರವತ್ತನಾಲ್ಕರ ತಿಮ್ಮರಾಯಪ್ಪ. ಮೊದಲು ತಂತಿ ಕಂಬ ಮಾಡಿಕೊಟ್ಟರು, ಆಮೇಲೆ ಗೂಡ್ಸ್ ಶೆಡ್ಡು, ನೀರಿನ ಟ್ಯಾಂಕು. ಈಗ ಹನ್ನೊಂದು ತಿಂಗಳಿಂದ ಸಾಮಿಲ್. ಭಾನುವಾರ ನೋಡಲು ಬರುವ ಶಾಲಾ ಮಕ್ಕಳು, ಮೇಷ್ಟ್ರುಗಳು "ಎಷ್ಟು ಚೆನ್ನಾಗಿದೆ" ಎನ್ನುತ್ತಾರೆ. ಮಾಡಿದವರು ಯಾರೆಂದು ಈ ನಾಲ್ಕು ವರ್ಷದಲ್ಲಿ ಒಬ್ಬರೂ ಕೇಳಿಲ್ಲವಂತೆ.

ಅವರ ಅಳತೆಗೋಲನ್ನು ನೋಡಬೇಕು. ಎಂಬತ್ತೇಳಕ್ಕೆ ಒಂದು ಎಂದರೆ ಅಡಿಗೆ ಮೂರೂವರೆ ಮಿಲಿಮೀಟರ್ ಎಂದು ರಾಜಶೇಖರ್ ಹೇಳಿದಾಗ ತಿಮ್ಮರಾಯಪ್ಪ ಸೀದಾ ಅಡುಗೆ ಮನೆಗೆ ಹೋಗಿ ಡಬ್ಬಿಗಳನ್ನೆಲ್ಲ ತೆರೆದರು. ತೊಗರಿ ದೊಡ್ಡದಾಯಿತು, ಸಾಸಿವೆ ಚಿಕ್ಕದಾಯಿತು. ಸರಿಯಾಗಿ ಕೂತಿದ್ದು ಕೊತ್ತಂಬರಿ ಬೀಜ. ಒಂದೇ ಗಾತ್ರದ ಇಪ್ಪತ್ತನಾಲ್ಕು ಬೀಜ ಆರಿಸಿ ಬಿದಿರ ಸೀಳಿನ ಮೇಲೆ ಸಾಲಾಗಿ ಅಂಟಿಸಿದರು. ಒಂದು ಬೀಜ ಒಂದಡಿ. ಮನುಷ್ಯನಿಗೆ ಐದೂವರೆ ಬೀಜ, ಮಿಲ್ಲಿನ ಉದ್ದಕ್ಕೆ ಅರವತ್ತು. ಮೇಲೆ ಎಂಬತ್ತನಾಲ್ಕು ತಗಡು, ಪ್ರತಿಯೊಂದನ್ನೂ ಬಾಚಣಿಗೆ ಹಲ್ಲಿನ ಮೇಲೆ ಒತ್ತಿ ಗೀರು ಮೂಡಿಸಿದ್ದು. ದಿಮ್ಮಿಗಳು ಜಾಲಿ ಮತ್ತು ಹುಣಸೆಯ ಕಡ್ಡಿ. ಮರದ ಹೊಟ್ಟನ್ನು ಹಾಗೇ ಸುರಿದರೆ ಆ ಅಳತೆಗೆ ಅದು ಕಲ್ಲಿನ ರಾಶಿಯಂತೆ ಕಾಣುತ್ತದೆ. ಅದಕ್ಕೇ ಒರಳಲ್ಲಿ ಅರೆದು, ದುರುಗಕ್ಕನ ಹಳೆ ಸೀರೆಯಲ್ಲಿ ಜರಡಿ ಹಿಡಿದು ಹಾಕಿದ್ದಾರೆ. ದಿನಕ್ಕೆ ಎರಡೂವರೆ ಗಂಟೆ ಕೆಲಸ. ಗಾಳಿ ಬರುವವರೆಗೆ.

ಇಷ್ಟು ಓದಿ ಇದೊಂದು ಮುದ್ದಾದ ಹವ್ಯಾಸ ಎಂದುಕೊಂಡರೆ ತಪ್ಪಾದೀತು. ಈ ಮನುಷ್ಯ ಸಿಟ್ಟಿನಲ್ಲಿ ಕಟ್ಟುತ್ತಿದ್ದಾರೆ.

ತುರುವನೂರಿನಿಂದ ಹದಿನೆಂಟನೇ ವಯಸ್ಸಿಗೆ ಬಂದು ಹೊಳಲ್ಕೆರೆಯ ಒಂದು ಸಾಮಿಲ್ ಸೇರಿದವರು ತಿಮ್ಮರಾಯಪ್ಪ. ಗರಗಸದ ಹಲ್ಲಿಗೆ ಸಾಣೆ ಹಿಡಿಯುವ ಕೆಲಸ, ಮೂವತ್ತೊಂದು ವರ್ಷ. ಮಿಲ್ ಮುಚ್ಚಿ ಹದಿನೈದು ವರ್ಷವಾಯಿತು. ಆ ಜಾಗದಲ್ಲಿ ಈಗ ಕಲ್ಯಾಣ ಮಂಟಪವಿದೆ, ಗರಗಸ ತಿರುಗುತ್ತಿದ್ದಲ್ಲಿ ವಧೂವರರ ಕುರ್ಚಿ ಹಾಕುತ್ತಾರೆ. ರಾಜಶೇಖರ್ ಸಾಮಿಲ್ ಬೇಕೆಂದು ಹೊರದೇಶದ ಮಿಲ್ಲಿನ ಫೋಟೊ ಕೊಟ್ಟಾಗ ತಿಮ್ಮರಾಯಪ್ಪ ಅದನ್ನು ಮಡಚಿ ವಾಪಸ್ ಕೊಟ್ಟರು. "ನಂಗೊಂದು ಸಾಮಿಲ್ ಗೊತ್ತೈತೆ. ಅದನ್ನ ಬೇಕಾದ್ರೆ ಮಾಡ್ತೀನಿ," ಎಂದರು.

ಆ ಮಿಲ್ಲಿನ ನಡುವೆ ಚಕ್ರದ ಗರಗಸವಿತ್ತು, ಮೂರಡಿ ಅಗಲದ್ದು. ಮಾದರಿಯಲ್ಲಿ ಅದು ಶರ್ಟಿನ ಗುಂಡಿಯಷ್ಟು, ಕೂಲ್‌ಡ್ರಿಂಕ್ಸ್ ಡಬ್ಬಿಯ ತಗಡಿನಲ್ಲಿ ಕೊರೆದ ಮೂವತ್ತಾರು ಹಲ್ಲು. ಕೈ ತಾಗದಂತೆ ಗರಗಸದ ಮೇಲೆ ಮುಚ್ಚುವ ಕಬ್ಬಿಣದ ಕವಚವೊಂದು ಇರಬೇಕು, ಅದು ಕಾನೂನು. ಆ ಮಿಲ್ಲಿನಲ್ಲೂ ಇತ್ತು. ಗೋಡೆಯ ಮೊಳೆಗೆ ನೇತು ಹಾಕಿದ್ದರು.

"ಅದಕ್ಕೆ ನಾವು ಸಾಹೇಬ್ರ ಟೋಪಿ ಅಂತಿದ್ವಿ," ಎನ್ನುತ್ತಾರೆ. "ತಪಾಸಣೆಗೆ ಸಾಹೇಬ್ರು ಬರ್ತಾರೆ ಅಂದ್ರೆ ಹಾಕೋದು. ಅವ್ರು ಕಾಫಿ ಕುಡ್ದು ಜೀಪು ಹತ್ತಿದ್ರೆ ಮತ್ತೆ ಮೊಳೆಗೆ. ಟೋಪಿ ಇದ್ರೆ ದಪ್ಪ ದಿಮ್ಮಿ ಹೋಗಲ್ಲ ಕಣ್ರಿ, ಕೆಲಸ ನಿಧಾನ ಆಗ್ತೈತೆ. ಸಾಹುಕಾರ್ರು ಬೈತಿದ್ರು. ವರ್ಷಕ್ಕೆ ಎರಡು ದಿನ ಅದು ಗರಗಸದ ಮ್ಯಾಲೆ, ಮಿಕ್ಕಿದ್ ದಿನ ಜೇಡರ ಹುಳಕ್ಕೆ ಮನೆ."

ಹತ್ತೊಂಬತ್ತು ವರ್ಷದ ಹಿಂದೆ ಒಂದು ಮಧ್ಯಾಹ್ನ ಹುಣಸೆ ದಿಮ್ಮಿಯ ಗಂಟಿಗೆ ಗರಗಸ ಸಿಕ್ಕಿ ಹಲಗೆ ಎಗರಿತು. ತಳ್ಳುತ್ತಿದ್ದವರು ಗೊಲ್ಲಪ್ಪ, ತಿಮ್ಮರಾಯಪ್ಪನ ಓರಗೆಯವರು, ಒಂದೇ ಬುತ್ತಿಯಲ್ಲಿ ಉಂಡವರು. ಅವರ ಬಲಗೈಯಲ್ಲಿ ಇವತ್ತು ಇರುವುದು ಹೆಬ್ಬೆರಳು ಒಂದೇ. ಅವರನ್ನು ಲಾರಿಯಲ್ಲಿ ಮಲಗಿಸಿ ದುರ್ಗದ ಆಸ್ಪತ್ರೆಗೆ ಕಳಿಸಿದ ಕಾಲು ಗಂಟೆಗೆ ಮಾಲೀಕರು ಬಂದು ಒಂದೇ ಮಾತು ಹೇಳಿದರು. "ತಿಮ್ಮ, ಟೋಪಿ ಹಾಕು."

ಮಾತು ಇಲ್ಲಿಗೆ ಬರುವಾಗ ತಿಮ್ಮರಾಯಪ್ಪ ಚಿಮಟ ಕೆಳಗಿಡುತ್ತಾರೆ.

"ಹಾಕ್ದೆ. ನಾಲ್ಕು ನಟ್ಟು. ಕೆಳಗೆ ಇನ್ನೂ ಒದ್ದೆ ಇತ್ತು, ಅವ್ನ ರಕ್ತ. ಇವ್ಳೇ ಅದರ ಮ್ಯಾಲೆ ಹೊಟ್ಟು ಸುರುವಿದ್ಲು. ಮಾರನೇ ದಿನ ಸಾಹೇಬ್ರು ಬಂದ್ರು, ಟೋಪಿ ನೋಡಿದ್ರು, ಬರ್ಕಂಡ್ರು. ಯಂತ್ರ ಸರಿ ಐತೆ, ಕೆಲಸಗಾರನ ನಿರ್ಲಕ್ಷ್ಯ ಅಂತ. ಗೊಲ್ಲಪ್ಪಂಗೆ ನಾಲ್ಕು ಬೆರಳೂ ಹೋದ್ವು, ತಪ್ಪೂ ಅವಂದೇ ಆಯ್ತು. ನಟ್ಟು ಬಿಗಿದೋನು ನಾನು. ನನ್ನ ಯಾರೂ ಒಂದ್ ಮಾತು ಕೇಳ್ಲಿಲ್ಲ."

ಗೊಲ್ಲಪ್ಪ ಈಗ ಬಸ್ ನಿಲ್ದಾಣದ ಹತ್ತಿರ ಎಳನೀರು ಮಾರುತ್ತಾರೆ. ಕಾಯಿಯನ್ನು ಮೊಂಡುಗೈಯಿಂದ ಎದೆಗೆ ಒತ್ತಿ ಹಿಡಿದು ಎಡಗೈಯಲ್ಲಿ ಕೊಚ್ಚುತ್ತಾರೆ. ಅವರ ಹೆಸರು ಆ ತಪಾಸಣೆಯ ಕಾಗದದಲ್ಲಿ ಬಿಟ್ಟರೆ ಇನ್ನೆಲ್ಲೂ ಅಚ್ಚಾಗಿಲ್ಲ. ಅಲ್ಲೂ ನಿರ್ಲಕ್ಷ್ಯ ಎಂಬ ಶಬ್ದದ ಪಕ್ಕದಲ್ಲಿ.

ಮೂರು ವಾರದ ಹಿಂದೆ ರಾಜಶೇಖರ್ ಅವರಿಂದ ಫೋನ್ ಬಂತು. ಹಳೇ ಮಿಲ್ ಮಾಲೀಕರ ಮಗ ಪ್ರದರ್ಶನ ಶಾಲೆಗೆ ಬಂದಿದ್ದರಂತೆ, ಮಾದರಿಯ ಫೋಟೊ ನೋಡಿ ಸಂತೋಷಪಟ್ಟರಂತೆ. ತಾವೇ ಬಂದು ಉದ್ಘಾಟನೆ ಮಾಡಿಕೊಡುತ್ತೇನೆ, ಹಳೆಯ ಫೋಟೊಗಳನ್ನೂ ಕೊಡುತ್ತೇನೆ ಎಂದರಂತೆ. ಕೆಳಗೆ ಹಾಕುವ ಫಲಕದ ಬರಹವನ್ನೂ ಬರೆದುಕೊಟ್ಟಿದ್ದಾರೆ: "ಸುರಕ್ಷತೆಗೆ ಹೆಸರಾಗಿದ್ದ ನಮ್ಮ ಸಾಮಿಲ್." ಒಂದು ಸಣ್ಣ ಬದಲಾವಣೆ ಮಾತ್ರ ಬೇಕಂತೆ. ಗರಗಸಕ್ಕೆ ಕವಚ ಇಲ್ಲ, ಮಕ್ಕಳು ನೋಡುವಂಥದ್ದು, ತಪ್ಪು ಸಂದೇಶ ಹೋಗುತ್ತದೆ. ಅದೊಂದು ಹಾಕಿಬಿಡಿ.

ತಿಮ್ಮರಾಯಪ್ಪ ಫೋನ್ ಇಟ್ಟ ಮೇಲೆ ಅಂದಿದ್ದೆಲ್ಲ ಇಲ್ಲಿ ಅಚ್ಚು ಮಾಡುವಂಥದ್ದಲ್ಲ. ಅಚ್ಚು ಮಾಡಬಹುದಾದದ್ದು ಇಷ್ಟು: "ಜೀವ ಇರೋ ಕೈಗೆ ಹಾಕದಿದ್ದ ಟೋಪಿನ ಪುಟ್ಟ ಗೊಂಬೆ ಕೈಗೆ ಹಾಕ್ಬೇಕಂತೆ. ಮಕ್ಕಳಿಗೆ ತಪ್ಪು ಸಂದೇಶ ಹೋಗ್ತೈತಂತೆ. ಒಂದ್ಸಲ ಹಾಕೀನಿ ನಾನು. ಇನ್ನೊಂದ್ಸಲ ಹಾಕ್ಸಾಕೆ ಅಪ್ಪ ಹೋಗಿ ಮಗ ಬಂದಾನೆ."

"ಹಾಕಲ್ಲ ಅಂದ್ರೆ ಅವ್ರು ಈ ಸಾಮಿಲ್ ಬ್ಯಾಡ ಅಂತಾರೆ," ಎಂದರು ದುರುಗಕ್ಕ. "ಹನ್ನೊಂದು ತಿಂಗ್ಳು ಕಣ್ಣು ಕಳ್ಕಂಡಿದ್ದು ಇಲ್ಲೇ ಕಪಾಟಿನ ಮ್ಯಾಲೆ ಕೂತ್ಕಂತೈತೆ. ನೋಡೋರು ಯಾರು? ನಾನು, ಹಲ್ಲಿ."

ಈ ಮಾತು ನಾಟಿತು. ಮೂರು ದಿನ ಅವರು ಮಿಲ್ಲಿನ ಕಡೆ ತಿರುಗಿ ನೋಡಲಿಲ್ಲ. ನಾಲ್ಕನೇ ದಿನ ಬೆಳಗ್ಗೆ ಎದ್ದು ಹಿತ್ತಾಳೆ ತಗಡು ಕತ್ತರಿಸಿ ಕವಚ ಮಾಡಿದರು. ಅರ್ಧ ಗುಂಡಿಯಷ್ಟು. ತುದಿಗೆ ತುಕ್ಕಿನ ಬಣ್ಣ, ಒಳಗೆ ಜೇಡರ ಬಲೆಯ ನಿಜವಾದ ಒಂದೆಳೆ.

ಶನಿವಾರ ಮಾದರಿ ಹೊರಡುತ್ತದೆ. ರಟ್ಟಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ತಿಮ್ಮರಾಯಪ್ಪ, ಪಕ್ಕದಲ್ಲಿ ಗೊಲ್ಲಪ್ಪ. ಅವರು ಒಂದು ದಿನದ ವ್ಯಾಪಾರ ಬಿಟ್ಟು ಬಂದಿದ್ದಾರೆ. ದುರ್ಗದಲ್ಲಿ ಬಸ್ ಬದಲಿಸಿದಾಗ ಕಂಡಕ್ಟರ್ ಪೆಟ್ಟಿಗೆ ತೋರಿಸಿ ಕೇಳುತ್ತಾರೆ.

"ಏನೈತೆ ಯಜಮಾನ್ರೆ ಇದ್ರಾಗೆ?"

"ಸಾಮಿಲ್ಲು."

"ಹಂಗಾದ್ರೆ ಲಗೇಜ್ ಟಿಕೆಟ್ ತಗಳ್ರಿ."

"ಹದಿನಾಲ್ಕು ಜನ ಕೆಲಸಗಾರ್ರೂ ಒಳಗವ್ರೆ," ಎನ್ನುತ್ತಾರೆ ಗೊಲ್ಲಪ್ಪ. "ಅವ್ರಿಗೆ ಹಾಫ್ ಟಿಕೆಟ್ ಕೊಡಪ್ಪ."

ಐಮಂಗಲ ದಾಟುವವರೆಗೂ ಬಸ್ಸು ನಗುತ್ತದೆ. ತಿಮ್ಮರಾಯಪ್ಪ ಮಾತ್ರ ನಗುವುದಿಲ್ಲ.

ಹಿರಿಯೂರಿನಲ್ಲಿ ರಾಜಶೇಖರ್ ಬಾಗಿಲಿಗೇ ಬಂದು, "ಬರ್ರಿ, ಕುಂತ್ಕಳ್ರಿ," ಎಂದು ಕುರ್ಚಿ ಎಳೆಯುತ್ತಾರೆ. ಕೆಟ್ಟ ಮನುಷ್ಯರಲ್ಲ. ದೊಡ್ಡವರು ಬಂದರೆ ಎದ್ದು ನಿಲ್ಲುವ ಅಭ್ಯಾಸ, ಅಷ್ಟೇ. ಅಂಥ ಅಭ್ಯಾಸದವರಿಂದಲೇ ಎಷ್ಟೋ ಕೆಡುಕು ಸಲೀಸಾಗಿ ನಡೆದುಹೋಗುತ್ತದೆ. ಹಳಿಯ ಪಕ್ಕದಲ್ಲಿ ಖಾಲಿ ಬಿಟ್ಟ ಜಾಗಕ್ಕೆ ಸಾಮಿಲ್ ಕೂರುತ್ತದೆ. ರಾಜಶೇಖರ್ ಭೂತಗನ್ನಡಿ ಹಿಡಿದು ಬಗ್ಗುತ್ತಾರೆ. ದಿಮ್ಮಿ, ಅಟ್ಟಿ, ಬೆಲ್ಟು, ಪೊರಕೆ ಹಿಡಿದು ಬಗ್ಗಿದ ಹೆಂಗಸು. ನಡುವೆ ಗರಗಸ, ಬರಿದು. ಅದರ ಮುಂದೆ ಹಲಗೆ ತಳ್ಳುತ್ತ ನಿಂತಿರುವ ಐದೂವರೆ ಬೀಜದ ಗೊಂಬೆ, ಎರಡೂ ಕೈ ನೆಟ್ಟಗಿವೆ. ಅದರ ಬೆನ್ನ ಹಿಂದಿನ ಗೋಡೆಯಲ್ಲಿ ಮೊಳೆ. ಮೊಳೆಗೆ ಟೋಪಿ.

"ಮಾಡಿದೀರಲ್ಲ ತಿಮ್ಮರಾಯಪ್ಪ," ಎನ್ನುತ್ತಾರೆ ರಾಜಶೇಖರ್ ಸಮಾಧಾನದಿಂದ. "ಅದನ್ನ ಸ್ವಲ್ಪ ಗರಗಸದ ಮೇಲಿಟ್ಟರೆ ಮುಗೀತು. ನಾಳೆ ಅವರು ಬರ್ತಾರೆ."

"ಬರಲ್ಲ ಸಾರ್ ಅದು. ಟೋಪಿ, ಮೊಳೆ, ಗೋಡೆ ಕಂಬ, ಮೂರೂ ಸೇರ್ಸಿ ಬೆಸುಗೆ ಹಾಕೀನಿ. ಟೋಪಿ ಕಿತ್ರೆ ಗೋಡೆ ಬರ್ತೈತೆ. ಗೋಡೆ ಬಂದ್ರೆ ಸೂರು ಬರ್ತೈತೆ."

"ಹಂಗಾದ್ರೆ ಇನ್ನೊಂದು ಟೋಪಿ ಮಾಡಿಕೊಡಿ."

"ಆ ಮಿಲ್ಲಿನಾಗೆ ಇದ್ದಿದ್ದು ಒಂದೇ ಟೋಪಿ. ಎರಡು ಹಾಕಿದ್ರೆ ಸುಳ್ಳಾಗ್ತೈತೆ. ನೀವೇ ಹೇಳಿದೀರಿ, ನಿಜದಾಗೆ ಇದ್ದಿದ್ದಕ್ಕಿಂತ ತಂತಿ ಕಂಬ ಒಂದು ಜಾಸ್ತಿ ಇರ್ಬಾರ್ದು ಅಂತ."

ಗೊಲ್ಲಪ್ಪ ಎಡಗೈಯಲ್ಲಿ ಭೂತಗನ್ನಡಿ ತೆಗೆದುಕೊಂಡು ಹಲಗೆ ತಳ್ಳುವ ಗೊಂಬೆಯಲ್ಲಿ ತಮ್ಮನ್ನು ತಾವು ನೋಡುತ್ತಾರೆ.

"ಲೇ ತಿಮ್ಮ, ನಂಗೆ ಇಷ್ಟು ಹೊಟ್ಟೆ ಇರ್ಲಿಲ್ಲ ಆವಾಗ."

"ಇತ್ತು. ನನ್ನ ಬುತ್ತಿನೂ ನೀನೇ ತಿಂತಿದ್ದೆ."

ಗೊಲ್ಲಪ್ಪ ಗಾಜನ್ನು ಸ್ವಲ್ಪ ಸರಿಸಿ ಗೋಡೆಯ ಮೇಲೆ ನಿಲ್ಲಿಸುತ್ತಾರೆ. "ಆವತ್ತು ನಟ್ಟು ಬಿಗಿದಿದ್ದು ನೀನೇ ಅಂತ ಗೊತ್ತಿತ್ತು ಬಿಡು. ಆಸ್ಪತ್ರೆಯಿಂದ ಬಂದು ನೋಡಿದ್ದೆ. ನಾಲ್ಕೂ ಅಷ್ಟು ನೆಟ್ಟಗೆ ಆ ಮಿಲ್ಲಿನಾಗೆ ಇನ್ಯಾರು ಬಿಗೀತಿದ್ರು?"

ತಿಮ್ಮರಾಯಪ್ಪ ಪೆಟ್ಟಿಗೆಯ ಹಗ್ಗವನ್ನು ಸುತ್ತಿ ಸುತ್ತಿ ಉಂಡೆ ಮಾಡುತ್ತಾರೆ. ರಾಜಶೇಖರ್ ತಿಮ್ಮರಾಯಪ್ಪನ ಮುಖ ನೋಡುತ್ತಾರೆ, ಗೊಲ್ಲಪ್ಪನ ಮೊಂಡುಗೈ ನೋಡುತ್ತಾರೆ, ಅಚ್ಚಾಗಿ ಬಂದ ಫಲಕವನ್ನು ಮೇಜಿನಿಂದ ಎತ್ತಿ ಓದುತ್ತಾರೆ. ಆಮೇಲೆ ಅದನ್ನು ಮಗುಚಿ, ಹಿಂಬದಿಯ ಬಿಳಿ ಕಡೆಯನ್ನು ಮೇಲೆ ಮಾಡಿ, ಜೇಬಿನಿಂದ ಪೆನ್ ತೆಗೆಯುತ್ತಾರೆ.

"ನಾಳೆ ಅವರಿಗೆ ಏನಾದ್ರೂ ಹೇಳ್ಕೊಳ್ತೀನಿ. ಏನು ಬರೀಲಿ? ನಿಮ್ಮ ಹೆಸರು ಹಾಕ್ತೀನಿ, ತಡೀರಿ."

ಈ ಲೇಖನಕ್ಕೆ ಎಲೆಮರೆಯ ಕಾಯಿ ಎಂಬ ಮಾತು ಬಳಸಬಹುದೇ ಎಂದು ಕೇಳಿದಾಗ ತಿಮ್ಮರಾಯಪ್ಪ ಗದರಿದ್ದರು: "ಕಾಯಿ ವಿಷಯ ಬಿಡ್ರಿ. ಎಲೆ ಅಡ್ಡ ಇಟ್ಟೋರು ಯಾರು, ಅದನ್ನ ಬರೀರಿ." ಈಗಲೂ ಅದೇ ದನಿ, ಆದರೆ ಸ್ವಲ್ಪ ಇಳಿದಿದೆ.

"ನನ್ನ ಹೆಸರು ಬ್ಯಾಡ ಸಾರ್. ಗೊಲ್ಲಪ್ಪ ಅಂತ ಬರೀರಿ. ಅದರ ಕೆಳಗೆ, ಟೋಪಿ ಮೊಳೆಗಿತ್ತು ಅಂತ ಬರೀರಿ. ಅಷ್ಟು ಸಾಕು."