ದಾರಿ ಅವರದ್ದು

ದ್ವೀಪದಲ್ಲಿದ್ದ ನಮ್ಮ ಡಾಲ್ಫಿನ್ ಸಂಶೋಧನಾ ಕ್ಯಾಂಪಿನ ಮುಖ್ಯಸ್ಥೆ ಕೊಡಗಿನ ಮಾಕುಟ್ಟದವರು. ಬೆಳಿಗ್ಗೆ ಬೆಲ್ಲದ ಕಾಫಿ ಕುಡಿದು ದೋಣಿಯ ಮುಂತುದಿಯಲ್ಲಿ ಕೂರುತ್ತಿದ್ದರು. ಡಾಲ್ಫಿನ್ ಕಂಡೊಡನೆ ಅಂಗೈ ಕೆಳಗೊತ್ತಿ ಒಂದೇ ಮಾತು: “ಎಂಜಿನ್ ಆಫ್ ಮಾಡಿ. ದಾರಿ ಅವ್ರದ್ದು.” ಊರಿನ ಘಾಟಿಯಲ್ಲಿ ಆನೆ ಎದುರಾದರೆ ಅವರ ಅಪ್ಪನೂ ಹೀಗೇ ಜೀಪು ನಿಲ್ಲಿಸಿ ಕಾಯುತ್ತಿದ್ದರಂತೆ.

ಕ್ಯಾಂಪಿನಲ್ಲಿ ನನ್ನ ಕೊನೆಯ ದಿನ ದೂರದಲ್ಲಿ ತಾಯಿ, ಮರಿ ಕಂಡವು. ಬೆನ್ನಿನ ರೆಕ್ಕೆ ನೋಡಿಯೇ ನಾವು ಒಂದೊಂದು ಡಾಲ್ಫಿನ್ ಗುರುತಿಸುವುದು; ಅದರ ಫೋಟೊ ಇಲ್ಲದಿದ್ದರೆ ನಮ್ಮ ಲೆಕ್ಕಕ್ಕೆ ಅವು ಬರುವುದೇ ಇಲ್ಲ.

“ಹತ್ರ ಹೋಗೋಣ ಮೇಡಂ, ಇವತ್ತೇ ಕೊನೇ ದಿನ,” ಎಂದೆ.

“ನಿನ್ನ ಕೊನೇ ದಿನ ಅಂತ ಅವ್ರಿಗೇನು ಗೊತ್ತು?” ಎಂದವರೇ ಎಂಜಿನ್ ಆಫ್ ಮಾಡಿಸಿ, ಕಡುಬು, ಮೀನುಸಾರಿನ ಡಬ್ಬಿ ತೆರೆದು ನನಗೂ ಕೊಟ್ಟರು.

ತಿನ್ನುತ್ತಿದ್ದಂತೆ ತಾಯಿ, ಮರಿ ಎರಡೂ ದೋಣಿಯ ಪಕ್ಕದಲ್ಲೇ ಎದ್ದು ಉಸಿರು ಬಿಟ್ಟವು. ಕ್ಯಾಮೆರಾ ಕೊರಳಲ್ಲಿತ್ತು, ನನ್ನ ಕೈಯೆಲ್ಲ ಮೀನುಸಾರು.

“ಬಂದ್ರಲ್ಲ,” ಎಂದು ಅವರು ಇನ್ನೊಂದು ಕಡುಬು ಮುರಿದರು.