ಕೋಲು ಬದಲಾದ ದಿನ

ನಾನು ಏನು ಕೆಲಸ ಮಾಡುತ್ತೇನೆ ಎಂದು ಯುಗಾದಿ ಊಟದಲ್ಲಿ ಯಾರಾದರೂ ಕೇಳಿದರೆ, ನನ್ನ ಗಂಡ ನನಗಿಂತ ಮೊದಲೇ "ಪೆಟ್ರೋಲ್ ವಾಸನೆ ಹಿಡಿಯೋ ಕೆಲಸ" ಅಂದುಬಿಡುತ್ತಾರೆ. ಪೂರ್ತಿ ತಪ್ಪೇನಲ್ಲ. ಇಲ್ಲಿ ಇಂಗ್ಲೆಂಡಿನ ಕೆಲವು ಕೌನ್ಸಿಲ್‌ಗಳು, ನಮ್ಮ ನಗರಸಭೆಗಳಂಥವು, ಸೇರಿ ನಡೆಸುವ ಒಂದು ಸಾರ್ವಜನಿಕ ವಿಮಾ ನಿಧಿ ಇದೆ, ಬರ್ಮಿಂಗ್‌ಹ್ಯಾಮಿನಲ್ಲಿ ಅದರ ಆಫೀಸು. ಖಾಸಗಿ ಕಂಪನಿಗಳು ಮೂಗು ಮುರಿಯುವ ಸಣ್ಣ, ಹಳೆಯ ಪೆಟ್ರೋಲ್ ಬಂಕುಗಳು ಅದರ ಸದಸ್ಯರು. ನೆಲದಡಿಯ ಟ್ಯಾಂಕೋ ಪೈಪೋ ಸೋರಿದರೆ ಮಣ್ಣು ಅಗೆದು ತೆಗೆಯುವುದು, ಅಕ್ಕಪಕ್ಕದ ಮನೆಗಳನ್ನು ಸರಿಪಡಿಸುವುದು ಎಲ್ಲ ನಿಧಿಯ ಖರ್ಚು. ಷರತ್ತು ಒಂದೇ. ಇಂಧನ ಕಡಿಮೆಯಾಗುತ್ತಿದೆ ಎಂದು ಗೊತ್ತಾದ ವಾರದೊಳಗೆ ನಮಗೆ ತಿಳಿಸಬೇಕು. ಗೊತ್ತಿದ್ದೂ ಮುಚ್ಚಿಟ್ಟವರಿಗೆ ಏನೂ ಇಲ್ಲ. ಯಾರು ಮುಚ್ಚಿಟ್ಟರು, ಯಾರು ಇಲ್ಲ ಎಂದು ಕೊನೆಯ ಸಹಿ ಹಾಕುವವಳು ನಾನು.

ಈ ಕೆಲಸ ನನಗೆ ಚೆನ್ನಾಗಿ ಬರುತ್ತದೆ. ಹೇಳಿಕೊಳ್ಳಲು ಸಂಕೋಚವಿಲ್ಲ. ಡಿಗ್ರಿ ನೋಡಿ ಕೆಲಸ ಕೊಟ್ಟರು, ನಿಜ. ತರಬೇತಿ ಮಾತ್ರ ಧಾರವಾಡದ್ದು. ನಮ್ಮ ಓಣಿಯಲ್ಲಿ ನಳದ ನೀರು ವಾರಕ್ಕೊಮ್ಮೆ ಬರುತ್ತಿತ್ತು. ಬಂದಾಗ ಅಂಗಳದ ನೆಲದಡಿಯ ಟಾಕಿ ತುಂಬಿಕೊಳ್ಳಬೇಕು, ಮತ್ತೆ ಬರುವ ತನಕ ಅದರಲ್ಲೇ ದಿನ ದೂಡಬೇಕು. ದಿನಾ ಬೆಳಿಗ್ಗೆ ಟಾಕಿಯ ಮುಚ್ಚಳ ಸರಿಸಿ, ಗೆರೆ ಕೊರೆದ ಬಿದಿರಿನ ಕೋಲನ್ನು ತಳ ಮುಟ್ಟುವ ತನಕ ಇಳಿಸಿ, ಎಷ್ಟು ಗೆರೆ ಒದ್ದೆಯಾಗಿದೆ ಎಂದು ಅವ್ವನಿಗೆ ಕೂಗಿ ಹೇಳುವುದು ನನ್ನ ಪಾಲಿನ ಕೆಲಸ. ಆ ಗೆರೆಯ ಮೇಲೆ ಅವತ್ತು ಬಟ್ಟೆ ಒಗೆಯುವುದೋ ಬಿಡುವುದೋ ತೀರ್ಮಾನವಾಗುತ್ತಿತ್ತು.

ದೊಡ್ಡ ಬಂಕುಗಳಲ್ಲಿ ಈಗ ಟ್ಯಾಂಕಿನ ಮಟ್ಟವನ್ನು ಯಂತ್ರವೇ ತೋರಿಸುತ್ತದೆ. ಸಣ್ಣವರು ಇನ್ನೂ ಬೆಳಿಗ್ಗೆ ಎದ್ದು ಕೋಲು ಇಳಿಸಿ, ಅಂಕಿಯನ್ನು ಪುಸ್ತಕದಲ್ಲಿ ಬರೆದಿಡುತ್ತಾರೆ. ಮೊದಲ ಸಲ ಅದನ್ನು ನೋಡಿದಾಗ ಸಾವಿರಾರು ಮೈಲಿ ದೂರದಲ್ಲಿ ನಮ್ಮನೆಯ ಕೋಲೇ ಕಂಡ ಹಾಗಾಗಿ ನಕ್ಕುಬಿಟ್ಟಿದ್ದೆ.

ಲೀಡ್ಸ್‌ನ ಹೊರವಲಯದ ಇಳಿಜಾರು ಬೀದಿಯೊಂದರಲ್ಲಿ ಅಂಥ ಒಂದು ಬಂಕು. ಎರಡು ಪಂಪು, ಒಂದು ಅಂಗಡಿ, ಮೇಲೆ ಮನೆ. ನಡೆಸುತ್ತಿದ್ದವರು ಅರವತ್ತು ದಾಟಿದ ಹೆಂಗಸು. ಅಪ್ಪನ ಕಾಲದಿಂದ ಬಂದ ಬಂಕು. ಅಲ್ಲಿಯವರ ರೂಢಿಯಂತೆ ಎಲ್ಲರನ್ನೂ "ಲವ್" ಎಂದೇ ಕರೆಯುತ್ತಿದ್ದರು. ತಪಾಸಣೆಗೆ ಹೋದಾಗಲೆಲ್ಲ ನನಗೂ "ಚಹಾ ಕುಡೀತೀಯಾ, ಲವ್?" ಎಂಬ ಉಪಚಾರ ಸಿಗುತ್ತಿತ್ತು.

ಕಳೆದ ವಸಂತದಲ್ಲಿ ಆ ಬೀದಿಯ ಕೆಳಗಿನ ಮನೆಯೊಂದರ ನೆಲಮಾಳಿಗೆಯಲ್ಲಿ ಪೆಟ್ರೋಲ್ ವಾಸನೆ ಬಂತು. ಆಕೆ ಅದೇ ಗಂಟೆಯಲ್ಲಿ ನಮಗೆ ಫೋನ್ ಮಾಡಿದರು. ಮಣ್ಣು ಕೊರೆದು ನೋಡಿದರೆ ಹೌದು, ಸೋರಿತ್ತು. ನಿಧಿ ಕೈಹಿಡಿದರೆ ಎಲ್ಲ ಸುಸೂತ್ರ. ಇಲ್ಲದಿದ್ದರೆ ಬೀದಿಯ ಅರ್ಧ ಅಗೆಸುವ ಹೊಣೆ ಆಕೆಯದೇ. ಬಂಕನ್ನೂ ಅದರ ಮೇಲಿನ ಮನೆಯನ್ನೂ ಮಾರಬೇಕಾಗುತ್ತಿತ್ತು.

ನನ್ನ ಕೈಕೆಳಗಿನ ಅಧಿಕಾರಿ ಬಂಕಿಗೆ ಹೋಗಿ ಆಕೆಯ ಪುಸ್ತಕದ ಅಂಕಿಗಳನ್ನು ಕಂಪ್ಯೂಟರಿಗೆ ಹಾಕಿ ತಿಂಗಳವಾರು ಮೊತ್ತ ಕಳಿಸಿದ. ವಾಸನೆ ಬರುವ ಎರಡು ತಿಂಗಳ ಮೊದಲೇ ಇಂಧನ ಮಿತಿ ಮೀರಿ ಕಡಿಮೆಯಾಗಿತ್ತು. ಆಕೆ ತಿಳಿಸಿರಲಿಲ್ಲ. ನನಗೆ ಅನುಮಾನವೇ ಬರಲಿಲ್ಲ. ಬರ್ಮಿಂಗ್‌ಹ್ಯಾಮಿನಿಂದ ಡರ್ಬಿಗೆ, ಮನೆಗೆ ಹೋಗುವ ರೈಲಿನಲ್ಲಿ, ಟ್ಯಾಮ್‌ವರ್ತ್ ದಾಟುವಷ್ಟರಲ್ಲಿ ನಿರಾಕರಣೆಯ ಪತ್ರಕ್ಕೆ ಸಹಿ ಹಾಕಿ ಮುಗಿಸಿದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹೊಸಬರಿಗೆ ಪಾಠ ಹೇಳುವವಳು ನಾನೇ.

ಎರಡು ವಾರ ಬಿಟ್ಟು ಆಫೀಸಿಗೆ ಒಂದು ಬಿಸ್ಕತ್ತಿನ ಡಬ್ಬಿ ಬಂತು. ಒಳಗೆ ಬಿಸ್ಕತ್ತಿಲ್ಲ, ಆ ಬಂಕಿನ, ಎಣ್ಣೆ ಕಲೆಯ ಎರಡು ಅಳತೆ ಪುಸ್ತಕ. ಮೇಲೊಂದು ಚೀಟಿ: "ಮೇಡಂ, ತಿಂಗಳು ನೋಡಬೇಡಿ. ದಿನ ನೋಡಿ." ಲವ್ ಹೋಗಿ ಮೇಡಂ ಆಗಿತ್ತು. ಅದು ನನಗೆ ಚುಚ್ಚಿತು, ಸಿಟ್ಟೂ ಬಂತು. ನೋಡೇಬಿಡೋಣ ಎಂದು ಡಬ್ಬಿಯನ್ನು ಮನೆಗೆ ತಂದೆ.

ಶನಿವಾರ ಮಧ್ಯಾಹ್ನ ಊಟದ ಮೇಜಿನ ಮೇಲೆ ಪುಸ್ತಕ ಹರಡಿಕೊಂಡು ಕೂತೆ. ಎದುರಿಗೆ ಅವ್ವ ಮೆಂತೆ ಸೊಪ್ಪು ಸೋಸುತ್ತಿದ್ದಳು. ಅಪ್ಪ ತೀರಿಕೊಂಡ ಮೇಲೆ ಅವಳು ನಮ್ಮ ಜೊತೆ ಡರ್ಬಿಯಲ್ಲೇ ಇದ್ದಾಳೆ. ಎಂಬತ್ತರ ಹತ್ತಿರ ಬಂದರೂ ಕಣ್ಣು, ಕಿವಿ, ನಾಲಿಗೆ ಮೂರೂ ಚುರುಕು.

ದಿನ ದಿನ ಓದಿದೆ. ಹಾಳೆಯ ಮೇಲೆ ಹಾಳೆ ಎಲ್ಲ ಸರಿಯಿತ್ತು. ಆಮೇಲೆ ಒಂದು ಮಂಗಳವಾರ ಬೆಳಿಗ್ಗೆ, ಮಾರಾಟ ಕಳೆದು ಇರಬೇಕಾದ್ದಕ್ಕಿಂತ ಮಟ್ಟ ಒಮ್ಮೆಲೇ ಒಂದು ಹೆಬ್ಬೆರಳಗಲ ಕೆಳಗಿಳಿದಿತ್ತು. ಬುಧವಾರದ ಲೆಕ್ಕ ಮತ್ತೆ ಸರಿ. ಗುರುವಾರ ಸರಿ. ವಾರಗಟ್ಟಲೆ ಸರಿ. ಸೋರುವ ಟ್ಯಾಂಕು ಹೀಗೆ ಮಾಡುವುದಿಲ್ಲ. ಸೋರಿಕೆ ದಿನಾ ಇಷ್ಟಿಷ್ಟೇ ಇಳಿಯುತ್ತ ಹೋಗುತ್ತದೆ. ಒಂದು ರಾತ್ರಿ ಸೋರಿ ತಾನಾಗಿ ನಿಂತುಬಿಡುವುದಿಲ್ಲ. ತಿಂಗಳ ಮೊತ್ತದಲ್ಲಿ ಇದು ಕಾಣುವುದೇ ಇಲ್ಲ.

"ಏನದು, ಟಾಕಿ ಲೆಕ್ಕೇನು?" ಅವ್ವ ಕತ್ತು ಚಾಚಿದಳು. ಅಂಕಿ ತೋರಿಸಿದೆ. ಕನ್ನಡಕ ಏರಿಸಿ ನೋಡಿ, ಒಂದು ಕ್ಷಣವೂ ಯೋಚಿಸದೆ ಹೇಳಿದಳು: "ಒಂದ ರಾತ್ರ್ಯಾಗ ಇಷ್ಟ ಇಳದದಂದ್ರ ಸೋರಿಲ್ಲ. ಯಾರೋ ಕದ್ದಾರ. ನಮ್ಮ ಟಾಕ್ಯಾಗ ಆ ಬಾಡಿಗಿಯಾಕಿ ಕದ್ದಿರಲಿಲ್ಲೇನು, ಹಂಗ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ನನ್ನ ಗತಿ ಅದೇ ಆಯಿತು. ಯಾಕೆಂದರೆ ಆ ಬಾಡಿಗೆಯವರು ಕದ್ದಿರಲಿಲ್ಲ. ಅದು ಈ ಭೂಮಿಯ ಮೇಲೆ ಇಬ್ಬರಿಗೆ ಮಾತ್ರ ಗೊತ್ತಿತ್ತು: ಅವರಿಗೆ ಮತ್ತು ನನಗೆ.

ನನಗಾಗ ಹತ್ತು ವರ್ಷ. ಟಾಕಿಯ ಕೋಲಿನಿಂದ ಹುಣಸೆಕಾಯಿ ಬಡಿಯಲು ಹೋಗಿ ಅದನ್ನು ಮುರಿದೆ. ಅವ್ವ ಬೈಯುತ್ತಾಳೆಂದು ತುಂಡುಗಳನ್ನು ಗಟಾರಕ್ಕೆ ಎಸೆದು, ಹಿತ್ತಲಿನಿಂದ ಇನ್ನೊಂದು ಬಿದಿರು ತಂದು, ಅಂದಾಜಿನ ಮೇಲೆ ಚಾಕುವಿನಿಂದ ಗೆರೆ ಕೊರೆದೆ. ನನ್ನ ಗೆರೆಗಳು ಹಳೆಯವಕ್ಕಿಂತ ಎರಡು ಬೆರಳು ಮೇಲೆ ಬಿದ್ದಿದ್ದವು. ಮರುದಿನ ಬೆಳಿಗ್ಗೆ ಅಳೆದರೆ ಟಾಕಿಯಲ್ಲಿ ನೀರು ಕಡಿಮೆ ತೋರಿತು. ಹಿಂದಿನ ಕೋಣೆಗಳಲ್ಲಿ ಬಾಡಿಗೆಗಿದ್ದವರು ಶಾಲೆಯ ಟೀಚರು, ನಮ್ಮ ಕಡೆಯ ಮಾತಿನಲ್ಲಿ ಅಕ್ಕೋರು, ಒಬ್ಬರೇ ಇದ್ದರು. ಅವರಿಗೆ ದಿನಕ್ಕೆ ಎರಡು ಕೊಡ ಎಂದು ಮಾತಾಗಿತ್ತು. ನಸುಕಿನಲ್ಲಿ ಎದ್ದು ಹೆಚ್ಚಿಗೆ ಸೇದಿಕೊಂಡಿದ್ದಾರೆ ಎಂದು ಅವ್ವ ಅಂಗಳದಲ್ಲಿ ನಿಂತು ಓಣಿಗೆಲ್ಲ ಕೇಳುವಂತೆ ಅಂದಳು. ಅಕ್ಕೋರು ಒಮ್ಮೆ ಮಾತ್ರ "ಇಲ್ಲರಿ" ಅಂದರು. ಆ ತಿಂಗಳು ಮುಗಿಯುವುದರೊಳಗೆ ಮನೆ ಬಿಟ್ಟರು. ಹೋಗುವ ದಿನ, ಓಣಿಯ ಜನ ನೋಡುತ್ತಿದ್ದಂತೆ, ತಮ್ಮ ಪಾಲಿನ ಎರಡು ಕೊಡ ನೀರನ್ನು ಎತ್ತಿ ತಂದು ನಮ್ಮ ಟಾಕಿಗೆ ಸುರಿದು ಹೋದರು. ನಾನು ಬಾಗಿಲ ಹಿಂದೆ ನಿಂತಿದ್ದೆ. ಬಾಯಿ ಬಿಡಲಿಲ್ಲ. ನಲವತ್ತು ವರ್ಷ ಬಿಡಲಿಲ್ಲ.

ಆ ಶನಿವಾರವೂ ಅವ್ವನಿಗೆ ಏನೂ ಹೇಳಲಿಲ್ಲ. ಪುಸ್ತಕ ಮುಚ್ಚಿದೆ. ಲೀಡ್ಸ್‌ನ ಹೆಂಗಸಿಗೆ ಏನು ಕೇಳಬೇಕೆಂದು ಗೊತ್ತಾಗಿತ್ತು.

ಸೋಮವಾರ ಕಾರಿನಲ್ಲಿ ಹೊರಟು ಬಂಕಿಗೆ ಹೋದೆ. ಆಕೆ ಕೌಂಟರಿನ ಹಿಂದೆ ಕೈಕಟ್ಟಿ ನಿಂತಿದ್ದರು. ಚಹಾದ ಮಾತಿಲ್ಲ.

"ಮಾರ್ಚಿನ ಆ ಮಂಗಳವಾರ," ಎಂದೆ, "ಕೋಲು ಬದಲಾಯಿಸಿದಿರಾ?"

ಆಕೆ ನನ್ನನ್ನು ದಿಟ್ಟಿಸಿ ನೋಡಿ, ಹಿಂಬಾಗಿಲು ತೆರೆದು ಹೊರಗೆ ಕರೆದುಕೊಂಡು ಹೋದರು. ಪುಟ್ಟ ಕೈತೋಟ. ಬೀನ್ಸ್ ಬಳ್ಳಿ ಹಬ್ಬಿಸಲು ನಾಲ್ಕು ಗೂಟ ನೆಟ್ಟಿದ್ದರು. ಒಂದನ್ನು ಕಿತ್ತು, ಮಣ್ಣು ಒರೆಸಿ ನನ್ನ ಕೈಗಿಟ್ಟರು. ಅವರ ಅಪ್ಪನ ಕಾಲದ ಅಳತೆ ಕೋಲು. ದಿನಾ ಟ್ಯಾಂಕಿನ ತಳಕ್ಕೆ ಕುಟ್ಟಿ ಕುಟ್ಟಿ ಅದರ ಬುಡ ಸವೆದು ದುಂಡಗಾಗಿತ್ತು. ಹೊಸ ಕೋಲನ್ನು ಪಕ್ಕಕ್ಕೆ ಹಿಡಿದೆ. ಹಳೆಯದು ಸರಿಯಾಗಿ ಒಂದು ಹೆಬ್ಬೆರಳಗಲ ಗಿಡ್ಡ. ಬುಡ ಸವೆದ ಕೋಲು ಇಷ್ಟು ವರ್ಷ ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತಿತ್ತು. ಹೊಸ ಕೋಲು ಇಳಿಸಿದ ದಿನ ನಿಜವಾದ ಮಟ್ಟ ಕಂಡಿತು. ಟ್ಯಾಂಕಿನಿಂದ ಒಂದು ಹನಿಯೂ ಹೋಗಿರಲಿಲ್ಲ.

"ಇದನ್ನು ಯಾಕೆ ಹೇಳಲಿಲ್ಲ?" ಎಂದೆ.

"ಯಾರು ಕೇಳಿದರು? ನಿಮ್ಮ ಫಾರಂನಲ್ಲಿ ಪೆಟ್ರೋಲ್ ಬಗ್ಗೆ ಹನ್ನೆರಡು ಪ್ರಶ್ನೆ ಇವೆ, ಕೋಲಿನ ಬಗ್ಗೆ ಒಂದೂ ಇಲ್ಲ. ಅಂಕಿ ಒಂದು ದಿನ ಇಳಿದು ನಿಂತಿತು. ನಿಂತ ಮೇಲೆ ಏನಂತ ಹೇಳಲಿ? ನಾನು ಕಂಡದ್ದನ್ನು ಬರೆದೆ, ಮೇಡಂ. ಬರೆದದ್ದಕ್ಕೇ ಸುಳ್ಳಿ ಅನ್ನಿಸಿಕೊಂಡೆ."

ನಿಜವಾದ ಸೋರಿಕೆ ಬೇರೆಯೇ ಇತ್ತು. ಪಂಪಿನ ಕೆಳಗಿನ ಪೈಪಿನ ಕೀಲು ಬಿಟ್ಟಿತ್ತು. ಪುಸ್ತಕದಲ್ಲಿ ಅದು ವಾಸನೆ ಬರುವ ಮೊದಲಿನ ಐದು ದಿನ, ದಿನಾ ಕೂದಲೆಳೆಯಷ್ಟು ಇಳಿಯುತ್ತ ಕಾಣುತ್ತಿತ್ತು. ಆಕೆ ವಾರದೊಳಗೇ ತಿಳಿಸಿದ್ದರು. ನಾನು ಕಾರಿನಲ್ಲಿ ಕೂತೇ ನಿರಾಕರಣೆಯನ್ನು ರದ್ದು ಮಾಡಿದೆ, ತಪ್ಪು ನನ್ನದೆಂದು ನನ್ನ ಹೆಸರಿನಲ್ಲೇ ಬರೆದೆ. ಮರಳಿ ಒಳಗೆ ಹೋಗಿ, ನಿಧಿ ಪೂರ್ತಿ ಖರ್ಚು ಕೊಡುತ್ತದೆ, ಬಂಕು ಎಲ್ಲೂ ಹೋಗುವುದಿಲ್ಲ ಎಂದೆ.

ಆಕೆಯ ಮುಖ ಸಡಿಲವಾಗಲಿಲ್ಲ. "ನಿಮ್ಮ ಪತ್ರದ ಸುದ್ದಿ ಹಬ್ಬಿ ಈ ಬೀದಿಯವರು ನನ್ನ ಅಂಗಡಿಗೆ ಬರುವುದು ಬಿಟ್ಟಿದ್ದಾರೆ. ಗೊತ್ತಿದ್ದೂ ಮುಚ್ಚಿಟ್ಟು ಮಕ್ಕಳಿರುವ ಮನೆಗೆ ಪೆಟ್ರೋಲ್ ಬಿಟ್ಟಳು ಅಂತ. ನನಗೆ ಗೊತ್ತು ನಾನು ಏನು ಅಂತ. ಅವರಿಗೆ ಯಾರು ಹೇಳುತ್ತಾರೆ?"

ಆಫೀಸಿಗೆ ಫೋನ್ ಮಾಡಿದೆ. ಬೀದಿಯವರಿಗೆ ಪತ್ರ ಬರೆಯುವ ಪದ್ಧತಿ ನಮ್ಮಲ್ಲಿಲ್ಲ ಎಂದ ನನ್ನ ಕೈಕೆಳಗಿನ ಹುಡುಗ. ಇಲ್ಲದಿದ್ದರೆ ಇವತ್ತಿನಿಂದ ಇದೆ ಎಂದೆ. ಆ ವಾರವೇ ಪತ್ರ ತಯಾರಾಯಿತು, ಆಕೆಯ ಒಪ್ಪಿಗೆಯೊಂದಿಗೆ. ನಾನೇ ಹೋಗಿ ಮನೆಮನೆಯ ಬಾಗಿಲು ತಟ್ಟಿ ಕೊಟ್ಟೆ. ಕೆಲವರು ನಾಚಿಕೊಂಡರು, ಒಬ್ಬ ನನ್ನ ಮುಖದ ಮೇಲೆ ಬಾಗಿಲು ಹಾಕಿದ. ಕೊನೆಯ ಮನೆ ಮುಗಿಸಿ ಬಂಕಿಗೆ ಬಂದಾಗ ಕೌಂಟರಿನ ಮೇಲೆ ಒಂದು ಮಗ್ ಚಹಾ ಇತ್ತು. "ಕುಡಿ, ಲವ್. ಆರಿ ಹೋಗುತ್ತೆ."

ಮಗ್ ಎತ್ತಿಕೊಂಡೆ. ಮನಸ್ಸು ಧಾರವಾಡದಲ್ಲಿತ್ತು. ಅಪರಿಚಿತರ ಬೀದಿಯಲ್ಲಿ ಬಾಗಿಲು ತಟ್ಟುವ ಧೈರ್ಯ ಇರುವವಳಿಗೆ ಸ್ವಂತ ಅವ್ವನ ಎದುರು ಬಾಯಿ ಬರುವುದಿಲ್ಲವೇ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು.

ಮರುದಿನ ಬೆಳಿಗ್ಗೆ ಅವ್ವ ಪೂಜೆ ಮುಗಿಸಿ ಬಂದು ಕೂತ ಕೂಡಲೇ ಎಲ್ಲ ಹೇಳಿಬಿಟ್ಟೆ. ಹುಣಸೆಕಾಯಿ, ಮುರಿದ ಕೋಲು, ಚಾಕು, ಗೆರೆ. ಅವ್ವ ಹಣೆಯ ವಿಭೂತಿಯನ್ನು ಬೆರಳಿನಿಂದ ಮುಟ್ಟಿಕೊಂಡಳು. ಬೈಯುತ್ತಾಳೆಂದು ಐವತ್ತರ ನಾನು ಹತ್ತರವಳ ಹಾಗೆ ಕಾಯುತ್ತಿದ್ದೆ.

"ಅಕ್ಕೋರು ಇನ್ನೂ ಅದಾರೇನು ನೋಡು," ಎಂದಳು. ಅಲ್ಲಿಯವರೆಗೆ "ಬಾಡಿಗಿಯಾಕಿ" ಎಂದೇ ಅನ್ನುತ್ತಿದ್ದವಳು.

ಹುಬ್ಬಳ್ಳಿಯ ಚಿಕ್ಕವ್ವ ಎರಡೇ ದಿನದಲ್ಲಿ ನಂಬರ್ ಹುಡುಕಿಕೊಟ್ಟಳು. ಅಕ್ಕೋರು ಗದಗದಲ್ಲಿ ತಮ್ಮನ ಮಗಳ ಮನೆಯಲ್ಲಿದ್ದರು. ನಾನು ಮಾತಾಡುತ್ತೇನೆ, ತಪ್ಪು ನನ್ನದು ಎಂದು ಫೋನ್ ಎತ್ತಿಕೊಂಡೆ. ಅವ್ವ ನನ್ನ ಕೈಯಿಂದ ಕಿತ್ತುಕೊಂಡಳು. "ಕೋಲು ಮುರದಾಕಿ ನೀನು. ಓಣ್ಯಾಗ ನಿಂತು ಬಾಯಿ ಮಾಡಿದಾಕಿ ನಾನು."

ಸ್ಪೀಕರ್ ಹಾಕಿದೆ. ಆ ಕಡೆ ಸಣ್ಣ, ಗಟ್ಟಿ ಧ್ವನಿ ಬಂತು. ಅವ್ವ ತಾನು ಯಾರೆಂದು ಹೇಳಿ, ನೇರ ವಿಷಯಕ್ಕೇ ಬಂದಳು. "ಅಕ್ಕೋರ, ನೀವು ನೀರ ಕದ್ದಿದ್ದಿಲ್ಲ."

"ನಾ ಕದ್ದಿಲ್ಲಂತ ನನಗ ಗೊತ್ತದರಿ," ಎಂದರು ಅಕ್ಕೋರು.

ಅವ್ವ ಕೋಲಿನ ಕತೆಯನ್ನೆಲ್ಲ ಹೇಳಿದಳು. "ನಂದು ತಪ್ಪಾತು" ಎಂದಳು. ಅವ್ವನ ಬಾಯಲ್ಲಿ ಆ ಮಾತನ್ನು ನಾನು ಕೇಳಿದ್ದು ಅದೇ ಮೊದಲು.

"ಅವತ್ತ ಓಣ್ಯಾಗ ನಿಂತ ನೋಡಿದವರು," ಎಂದರು ಅಕ್ಕೋರು, "ಯಾರರ ಇನ್ನೂ ಅದಾರೇನ್ರಿ?"

ಅವ್ವ ಬೆರಳು ಮಡಿಚಿ ಎಣಿಸಿದಳು. "ನಾಕ ಮಂದಿ ಅದಾರ."

"ಹಂಗಾರ ಅವರಿಗೆ ಹೇಳ್ರಿ," ಎಂದು ಅಕ್ಕೋರು ಫೋನ್ ಇಟ್ಟರು.

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, ಬೆನ್ನು ನೆಟ್ಟಗೆ ಮಾಡಿ ಕೂತು, ಫೋನನ್ನು ನನ್ನ ಕಡೆ ಚಾಚಿದಳು.

"ಮೊದಲ ಓಣ್ಯಾಗಿನ ಆ ಕಿರಾಣಿ ಅಂಗಡಿಯಾಕೀಗೆ ಹಚ್ಚು," ಎಂದಳು. "ಅಕಿ ಬಾಯಿ ದೊಡ್ಡದು."